ತೋಳು ಅಳೆಯೋರು ಮೊದಲು ಬಾಗಿಲು ಅಳೀರಿ

ಬರಹ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊನ್ನೆ ಭಾನುವಾರ ಚಿಗಟೇರಿಯ ನಮ್ಮ ಕೇರಿಯೊಳಗೆ ಬೇವಿನಮರದ ಕಟ್ಟೆ ಮೇಲೆ ಹುಡುಗರ ವಾದ ಜೋರಾಗಿತ್ತು. ಯಾರ ತೋಳಿನಲ್ಲಿ ಹೆಚ್ಚು ಬಲ? ಒಬ್ಬ ಬೂಮ್ರಾ ಅಂದ. ಇನ್ನೊಬ್ಬ, "ನಮ್ಮ ಮೈಸೂರಿನ ಶ್ರೀನಾಥ್ 1999ರ ವಿಶ್ವಕಪ್‌ನಲ್ಲೇ 154.5 ಕಿ.ಮೀ. ವೇಗದಲ್ಲಿ ಎಸೆದಿದ್ರು, ಸುಮ್ನಿರಲೇ" ಅಂದ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗೆ ನೈಟ್ ಶಿಫ್ಟ್ ಮಾಡೋ ಹುಡುಗ ಒಬ್ಬ ರಜಕ್ಕೆ ಬಂದಿದ್ದ. ಅವನು ನಕ್ಕು, "ಅಣ್ಣಾ, ಅಲ್ಲಿಯವರದ್ದೂ ಇದೇ ಜಗಳ. ಅವರ ಫುಟ್‌ಬಾಲ್ ಕೈಯಾಗ ಆಡೋ ಆಟ. ಬಾಲ್ ಎಸೆದು ತಂಡ ನಡೆಸೋನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರೆ. ಹಳೇ ಕಾಲದ ಕ್ವಾರ್ಟರ್‌ಬ್ಯಾಕ್ ತೋಳು ಗಟ್ಟಿನೋ, ಈಗಿನೋರದ್ದು ಗಟ್ಟಿನೋ ಅಂತ ದಿನಾ ಕಿತ್ತಾಡ್ತಾರೆ" ಅಂದ.

ಆ ಮಾತು ನನ್ನ ತಲೆಯಲ್ಲಿ ಉಳೀತು. ಬೇರೆ ಬೇರೆ ಕಾಲದ ತೋಳುಗಳನ್ನ ಅಳೆಯೋದು ಹೆಂಗೆ?

ಅಳತೆಯ ಕಷ್ಟ ಎಲ್ಲರಿಗೂ ಗೊತ್ತಿರೋದೇ. ಹಳಬರ ಕಾಲದಲ್ಲಿ ಸ್ಪೀಡ್ ಗನ್ ಇರಲಿಲ್ಲ. ಪಿಚ್‌ಗೆ ಹೊದಿಕೆ ಇರಲಿಲ್ಲ, ಮಳೆ ಬಂದರೆ ನೆನೆದ ನೆಲದ ಮೇಲೇ ಆಟ. ಬದಲಾಗದೇ ಉಳಿದದ್ದು ಅಂದ್ರೆ 22 ಗಜದ ದೂರ, ಐದೂವರೆಯಿಂದ ಐದೂಮುಕ್ಕಾಲು ಔನ್ಸಿನ ಬಾಲು. ಅಮೆರಿಕದವರ ಆಟದಲ್ಲಂತೂ ಬಾಲೇ ಬದಲಾಯ್ತು. ಕೈಯಲ್ಲಿ ಹಿಡಿದು ಎಸೆಯೋಕೆ ಸುಲಭ ಆಗ್ಲಿ ಅಂತ 1934ರಲ್ಲಿ ಅದನ್ನ ಸಪೂರ ಮಾಡಿದ್ರು. 1978ರಲ್ಲಿ ನಿಯಮ ತಿದ್ದಿ, ಬಾಲ್ ಹಿಡಿಯೋಕೆ ಓಡೋನನ್ನ ಎದುರಾಳಿ ಅಡ್ಡಗಟ್ಟೋದಕ್ಕೆ ಮಿತಿ ಹಾಕಿದ್ರು. ಅದಾದ ಮೇಲೆ ಎಸೆದವರ ಅಂಕಿಅಂಶ ಏರಿದ್ರೆ, ಅದು ತೋಳಿನ ಬಲವೋ ನಿಯಮದ ಬಲವೋ?

ಇಷ್ಟನ್ನ ಎಲ್ಲಾ ಪಂಡಿತರೂ ಹೇಳ್ತಾರೆ. ಅವರು ಹೇಳದೇ ಬಿಡೋದು ಒಂದೈತಿ. ಆ ಕಾಲದಲ್ಲಿ ಬಾಲ್ ಯಾರ ಕೈಗೆ ಕೊಡ್ತಿದ್ರು? ಕೊಟ್ಟ ಮೇಲೆ ಆ ಕೈಗೆ ಇನ್ನೇನು ಕೊಡ್ತಿರಲಿಲ್ಲ?

ನಮ್ಮಿಂದ ಅರ್ಧ ದಿನದ ಬಸ್ ದಾರಿಯಲ್ಲಿರೋ ಧಾರವಾಡದಲ್ಲಿ 1876ರಲ್ಲಿ ಒಂದು ಮಗು ಹುಟ್ಟಿತು. ಪಾಲ್ವಂಕರ್ ಬಾಲೂ. ಮನೆತನ ಕೊಂಕಣದ್ದು, ಜಾತಿಯಲ್ಲಿ ಚಮ್ಮಾರರು, ತಂದೆ ಸೈನ್ಯದ ಕೆಲಸದಲ್ಲಿದ್ದರು. ಬಾಲೂ ಪುಣೆಯಲ್ಲಿ ಬೆಳೆದರು. ಸೈನ್ಯದ ಅಧಿಕಾರಿಗಳು ಬಿಟ್ಟ ಹಳೇ ಬ್ಯಾಟು ಬಾಲುಗಳಲ್ಲೇ ಆಟ ಕಲಿತರು. ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ, ಪಿಚ್ ಗುಡಿಸೋದು, ರೋಲರ್ ಎಳೆಯೋದು. ತಿಂಗಳಿಗೆ ಮೂರು ರೂಪಾಯಿ. ಆಮೇಲೆ 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಕ್ಲಬ್ಬು. ಅಲ್ಲಿ ನಾಲ್ಕು ರೂಪಾಯಿ.

ಅಲ್ಲಿನ ಬಿಳಿಯರಿಗೆ ಬ್ಯಾಟಿಂಗ್ ಅಭ್ಯಾಸಕ್ಕೆ ಬಾಲ್ ಹಾಕೋರು ಬೇಕಿತ್ತು. ನೆಟ್ ಕಟ್ಟೋ ಹುಡುಗನ ಕೈಗೆ ಬಾಲ್ ಬಂದದ್ದು ಹಿಂಗೆ. ಎಡಗೈ ಸ್ಪಿನ್ನು. ಕ್ಯಾಪ್ಟನ್ ಗ್ರೇಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್ ಬೇಗ ಬಂದು ಬಾಲೂ ಕೈಲಿ ಗಂಟೆಗಟ್ಟಲೆ ಬೌಲಿಂಗ್ ಮಾಡಿಸ್ಕೊಳ್ತಿದ್ದ. ತನ್ನನ್ನ ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡ್ತಿದ್ದ ಅನ್ನೋ ಕಥೆಯೂ ಐತಿ. ಬಾಲೂ ಅಲ್ಲಿ ಸಾವಿರಾರು ಬಾಲ್ ಎಸೆದರು. ಒಂದು ದಿನವೂ ಅವರ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಧಣಿಗಳದ್ದು, ಬೌಲಿಂಗ್ ಕೂಲಿ. ಇಂಗ್ಲೆಂಡಿನಲ್ಲೂ ಆಗ ಸಾಹೇಬರು ಬ್ಯಾಟ್ ಹಿಡಿಯೋದು, ಸಂಬಳದೋರು ಬಾಲ್ ಹಾಕೋದೇ ಹೆಚ್ಚು. ನಮ್ಮ ದೇಶಕ್ಕೆ ಬಂದ ಮೇಲೆ ಅದಕ್ಕೆ ಜಾತಿಯೂ ಸೇರ್ಕೊಂತು.

ಈಗ ಹೇಳ್ರಿ, ಬಾಲೂ ತೋಳು ಗಟ್ಟಿಯಾಗಿದ್ದು ಯಾತರಿಂದ? ರೋಲರ್ ಎಳೆದದ್ದರಿಂದ, ಬಿಸಿಲಲ್ಲಿ ಕೂಲಿಗೆ ಬಾಲ್ ಹಾಕಿದ್ದರಿಂದ. ಹಲಗೆ ಬಾರಿಸಿ, ಬಾವಿ ತೋಡಿ ನಮ್ಮಪ್ಪಂದಿರ ತೋಳು ಗಟ್ಟಿಯಾದ ಹಂಗೆ.

ಪುಣೆಯ ಹಿಂದೂ ತಂಡಕ್ಕೆ ಯುರೋಪಿಯನ್ನರನ್ನ ಸೋಲಿಸೋ ಆಸೆ. ಬಾಲೂ ಬೇಕು, ಆದ್ರೆ ಜಾತಿ? ಚರ್ಚೆ ನಡೆದು ಕೊನೆಗೆ ಸೇರಿಸ್ಕೊಂಡ್ರು. ಮೈದಾನದಲ್ಲಿ ಬಾಲೂ ಮುಟ್ಟಿದ ಬಾಲನ್ನ ಎಲ್ಲರೂ ಮುಟ್ಟಿದ್ರು. ಚಹಾ ಹೊತ್ತಿಗೆ ಮಾತ್ರ ಬಾಲೂ ಪೆವಿಲಿಯನ್ ಹೊರಗೆ. ಉಳಿದವರಿಗೆ ಪಿಂಗಾಣಿ ಕಪ್ಪು, ಅವರಿಗೆ ಕುಡಿದು ಬಿಸಾಕೋ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ಮೇಜು.

ಇದನ್ನ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ತೊಂಬತ್ತರ ದಶಕದಲ್ಲಿ ನಾವು ಹುಡುಗರು ಟೆನಿಸ್ ಬಾಲ್ ಟೂರ್ನಮೆಂಟಿಗೆ ಒಂದೂರಿಗೆ ಹೋಗಿದ್ವಿ. ಊರ ಹೆಸರು ಬೇಡ. ನಾನು ಆವತ್ತು ಮೂರು ವಿಕೆಟ್ ತಗೊಂಡಿದ್ದೆ. ನೀರು ಕೇಳಿದ್ರೆ ಬೊಗಸೆ ಒಡ್ಡು ಅಂದ್ರು, ಮೇಲಿಂದ ಸುರಿದ್ರು. ನಾನು ಎಸೆದ ಬಾಲ್ ಅವರ ಕೈಯಲ್ಲೇ ಇತ್ತು. ಲೋಟ ಮಾತ್ರ ನನ್ನ ಕೈಗೆ ಬರಲಿಲ್ಲ. ಬಾಲೂ ಅವರಿಗೂ ನನಗೂ ನಡುವೆ ನೂರು ವರ್ಷ!

1906ರಲ್ಲಿ ಬಾಂಬೆಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್ನುಗಳಿಂದ ಸೋಲಿಸ್ತು. ಬೌಲಿಂಗಿನ ಆಧಾರಸ್ತಂಭ ಬಾಲೂ. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯ್ತು. ತಂಡ ಸೋತು ಸುಣ್ಣವಾಯ್ತು. ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು, ಸರಾಸರಿ 18.84. ಆಗ ಅವರಿಗೆ 35 ವರ್ಷ. ಇಡೀ ಪ್ರಥಮ ದರ್ಜೆ ಲೆಕ್ಕ ಹಿಡಿದ್ರೆ ಬರೇ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಬಾಲೂಗೆ ಆಗ 56. ಇವರ ಹೆಸರಿನ ಮುಂದೆ ಟೆಸ್ಟ್ ವಿಕೆಟ್ ಸೊನ್ನೆ.

ಅಷ್ಟು ಗೆಲ್ಲಿಸಿದ ಮನುಷ್ಯನಿಗೆ ಹಿಂದೂ ತಂಡದ ನಾಯಕತ್ವ ಕೊಡಲಿಲ್ಲ. 1920ರಲ್ಲಿ ಬಾಲೂ ಅವರನ್ನ ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ವಿಠ್ಠಲ್, ಶಿವರಾಮ್ ನಾವೂ ಆಡಲ್ಲ ಅಂತ ಹೊರಗೆ ಬಂದ್ರು. ಆಮೇಲೆ ಬಾಲೂ ಉಪನಾಯಕ ಆದ್ರು. 1923ರಲ್ಲಿ ವಿಠ್ಠಲ್ ನಾಯಕರಾಗಿ ಕಪ್ ಗೆದ್ದು ತೋರಿಸಿದ್ರು. ತಮ್ಮನ ಕಾಲಕ್ಕೆ ಬಾಗಿಲು ತೆಗೆಯೋಕೆ ಅಣ್ಣನ ತೋಳು ಸವೆಯಬೇಕಾಯ್ತು.

ನಮ್ಮೋರೇ ಕೆಲವರು ಕೇಳ್ತಾರೆ, ಬಾಲೂ ಬಾಬಾಸಾಹೇಬರ ವಿರುದ್ಧ ನಿಂತಿದ್ರಲ್ಲ ಅಂತ. ಹೌದು. 1937ರ ಬಾಂಬೆ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ನಿಂತು ಸುಮಾರು ಎರಡು ಸಾವಿರ ಮತಗಳಿಂದ ಸೋತರು. ಅವರ ರಾಜಕೀಯವನ್ನ ನಾನು ಒಪ್ಪಲ್ಲ. ಆದ್ರೆ ಅದಕ್ಕೋಸ್ಕರ ಆ ಮಣ್ಣಿನ ಕುಡಿಕೆ ಸುಳ್ಳಾಗಲ್ಲ, 114 ವಿಕೆಟ್‌ನಲ್ಲಿ ಒಂದೂ ಕಮ್ಮಿ ಆಗಲ್ಲ.

ಇನ್ನೊಂದು ತೋಳು ನೋಡೋಣ. ಮೈಸೂರಿನ ಬಿ.ಎಸ್. ಚಂದ್ರಶೇಖರ್. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಬಲಗೈ ಸೊರಗಿತು. ಆ ಸೊರಗಿದ ಕೈಯಲ್ಲೇ ಬೌಲಿಂಗ್, ಫೀಲ್ಡಿಂಗಿನಲ್ಲಿ ಎಸೆಯೋದು ಎಡಗೈಲಿ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದು, ಇಂಗ್ಲೆಂಡಿನ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ತಂದುಕೊಟ್ರು. 58 ಟೆಸ್ಟ್, 242 ವಿಕೆಟ್. ಅವರ ಸಾಧನೆಗೆ ಕೈಮುಗಿತೀನಿ. ತೋಳ್ಬಲ ಅಂದ್ರೆ ಮಾಂಸದ ದಪ್ಪ ಅಲ್ಲ ಅಂತ ತೋರಿಸಿಕೊಟ್ಟವರು ಅವರು. ಜೊತೆಗೆ ಇದನ್ನೂ ಗಮನಿಸ್ರಿ. ಪೋಲಿಯೋ ಬಂದ ಕೈಗೂ ಈ ನಾಡು ಬಾಗಿಲು ತೆಗೀತು. ಅದು ಒಳ್ಳೇದೇ ಆಯ್ತು. ಬಾಲೂ ಅವರ ಕೈಗೆ ಯಾವ ರೋಗವೂ ಇರಲಿಲ್ಲ. ಇದ್ದದ್ದು ಜಾತಿ ಅಷ್ಟೇ.

ಅಮೆರಿಕದ ಕಥೆಯೂ ಇದೇ ಜಾಡು. ಅವರ ಎನ್‌ಎಫ್‌ಎಲ್ ಲೀಗಿನಲ್ಲಿ 1934ರಿಂದ 1945ರವರೆಗೆ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಹನ್ನೆರಡು ವರ್ಷ! 1946ರಲ್ಲಿ ಬಾಗಿಲು ತೆರೆದ ಮೇಲೂ ಕ್ವಾರ್ಟರ್‌ಬ್ಯಾಕ್ ಜಾಗ ಬಿಳಿಯರಿಗೇ. ಕಪ್ಪು ಜನರಿಗೆ ಓಡೋ ಕಾಲು ಐತಿ, ತಂಡ ನಡೆಸೋ ತಲೆ ಇಲ್ಲ ಅನ್ನೋ ಸುಳ್ಳನ್ನ ಸತ್ಯ ಅಂತ ನಡೆಸಿದ್ರು. 1953ರಲ್ಲಿ ಶಿಕಾಗೋ ತಂಡ ವಿಲ್ಲೀ ಥ್ರೋವರ್ ಅನ್ನೋ ಕಪ್ಪು ಹುಡುಗನನ್ನ ಒಂದು ಪಂದ್ಯದಲ್ಲಿ ಇಳಿಸ್ತು. ಹೆಸರೇ ಥ್ರೋವರ್, ಎಸೆಯೋನು ಅಂತ. ಎಂಟು ಎಸೆದು ಮೂರು ಮುಟ್ಟಿಸಿದ. ತಂಡ ಗೆರೆ ಹತ್ತಿರ ಬರ್ತಿದ್ದ ಹಂಗೇ ಅವನನ್ನ ಹೊರಗೆ ಕರೆದು ಬಿಳಿಯ ಕ್ವಾರ್ಟರ್‌ಬ್ಯಾಕನ್ನ ಮತ್ತೆ ಒಳಗೆ ಕಳಿಸಿದ್ರು. ಬಾಲೂಗೆ ಬ್ಯಾಟ್ ಕೊಡದ ಕಥೆ ನೆನಪಾಯ್ತಾ?

1978ರಲ್ಲಿ ವಾರೆನ್ ಮೂನ್ ಅನ್ನೋನನ್ನ ಕ್ವಾರ್ಟರ್‌ಬ್ಯಾಕ್ ಆಗಿ ಯಾವ ತಂಡವೂ ಆರಿಸಲಿಲ್ಲ. ಕೆನಡಾಕ್ಕೆ ಹೋಗಿ ಸತತ ಐದು ಸಲ ಅಲ್ಲಿಯ ಕಪ್ ಗೆದ್ದ. 1984ರಲ್ಲಿ ವಾಪಸ್ ಬಂದು 49,325 ಗಜ ಎಸೆದ. ಕೆನಡಾದಲ್ಲಿ ಕಳೆದ ಆರು ವರ್ಷ ಈ ಲೆಕ್ಕದಲ್ಲಿ ಇಲ್ಲ. 1988ರಲ್ಲಿ ಡಗ್ ವಿಲಿಯಮ್ಸ್ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದ. ಲೀಗ್ ಶುರುವಾಗಿ ಆಗ 68 ವರ್ಷ ಆಗಿತ್ತು.

ಹಂಗಾಗಿ ಹುಡುಗರಿಗೆ ನಾನು ಹೇಳಿದ್ದು ಇಷ್ಟು. ಯಾವ ಕಾಲದ ತೋಳು ದೊಡ್ಡದು ಅಂತ ವಾದ ಮಾಡ್ರಿ, ಬೇಡ ಅನ್ನಲ್ಲ. ಆದ್ರೆ ಹಳೇ ಕಾಲದ ದಾಖಲೆ ಓದುವಾಗ, ಅವರು ಅರ್ಧ ಊರನ್ನ ಹೊರಗೆ ನಿಲ್ಲಿಸಿ ಗೆದ್ದ ಪಂದ್ಯಗಳ ಲೆಕ್ಕ ಅದು ಅನ್ನೋದು ನೆನಪಿರಲಿ. ಬರೀ ರೋಲರ್ ಎಳೆದೇ ಮುಗಿದುಹೋದ ತೋಳುಗಳು ಎಷ್ಟೋ. ಅವುಗಳ ವೇಗ ತೋರಿಸೋ ಸ್ಪೀಡ್ ಗನ್ ಎಲ್ಲೂ ಇಲ್ಲ.

ಕಟ್ಟೆ ಮೇಲೆ ಕೂತೋರೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ವಿ. ಬರೋ ಬೇಸಿಗೆ ಟೂರ್ನಮೆಂಟಿನಲ್ಲಿ ಉತ್ತಮ ಬೌಲರ್ ಬಹುಮಾನ ಪಾಲ್ವಂಕರ್ ಬಾಲೂ ಹೆಸರಿನಲ್ಲಿ. ಎಲ್ಲಾ ಕೇರಿಯ ತಂಡಗಳಿಗೂ ಆಹ್ವಾನ ಐತಿ. ಷರತ್ತು ಒಂದೇ. ನೀರಿನ ಕೊಡ ಒಂದು, ಲೋಟ ಒಂದು. ಒಪ್ಪೋರು ಬರ್ರಿ.

ಜೈಭೀಮ್.