ದುರ್ಗವೆಂದರೆ ಬರಿಯ ಕೋಟೆಯೆ?

ಹೈದರಾಬಾದಿನ ಮೆಟ್ರೋ ರೈಲಿನಲ್ಲಿ ಪಶ್ಚಿಮದ ಕೊನೆಯವರೆಗೆ ಹೋದರೆ 'ದುರ್ಗಂ ಚೆರುವು' ಎಂಬ ನಿಲ್ದಾಣ ಬರುತ್ತದೆ; ಕಟ್ಟಕಡೆಯದು 'ರಾಯದುರ್ಗ'. ಈ ಊರಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು, ಇದು ನಮ್ಮ ಚಿತ್ರದುರ್ಗದ ದುರ್ಗವೇ ಎಂದು ಕೇಳಿದರೆ ಹೌದೆನ್ನುತ್ತೇವೆ. ಅರ್ಥವೇನೆಂದು ಕೇಳಿದರೆ 'ಕೋಟೆ' ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಅದು ಅರ್ಧ ಉತ್ತರ.

'ದುರ್' ಎಂದರೆ ಕಷ್ಟ, 'ಗ' ಎಂದರೆ ಹೋಗುವುದು. ಹೋಗಲು ಕಷ್ಟವಾದ ಎಡೆಯೇ ದುರ್ಗ. ಗೋಡೆ, ಬುರುಜುಗಳು ಆಮೇಲಿನವು. ಕೌಟಿಲ್ಯನ ಅರ್ಥಶಾಸ್ತ್ರವು ನೀರು, ಬೆಟ್ಟ, ಮರಳುಗಾಡು, ಅಡವಿ ಎಂದು ನಾಲ್ಕು ಬಗೆಯ ದುರ್ಗಗಳನ್ನು ಹೇಳುತ್ತದೆ. ಮರಾಠಿ ಸೀಮೆಯ ಸಿಂಧುದುರ್ಗದ ಸುತ್ತ ಕಡಲೇ ಇದ್ದರೂ ಅದು ದುರ್ಗವೇ. ಕನ್ನಡನಾಡಿನಲ್ಲಿ ಮಾತ್ರ ಈ ಮಾತು ಹೆಚ್ಚಾಗಿ ಕಡಿದಾದ ಬಂಡೆಗಳಿಗೇ ಅಂಟಿಕೊಂಡಿತು. ನಂದಿದುರ್ಗ, ಸಾವನದುರ್ಗಗಳನ್ನು ಕಂಡವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮಾತಿನ ಮೂಲಾರ್ಥವನ್ನು ಕಣ್ಣಾರೆ ಕಾಣಬೇಕಾದರೆ ಬಾದಾಮಿಗೆ ಹೋಗಬೇಕು. ಅಲ್ಲಿಯ ಬಡಗಣ ಬೆಟ್ಟದ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನವುಂಟು. ಕಾಲ ಶಕ 465, ಅಂದರೆ ಕ್ರಿ.ಶ. 543. ವಾತಾಪಿಯ ಬೆಟ್ಟವನ್ನು ಕೆಳಗಿನಿಂದಲೂ ಮೇಲಿನಿಂದಲೂ 'ದುರ್ಗ'ವಾಗುವಂತೆ ಆತನು ಮಾಡಿಸಿದನೆಂದು ಅದು ಹೇಳುತ್ತದೆ. ಏರುವವನಿಗೂ ಇಲ್ಲ, ಇಳಿದು ಬರುವವನಿಗೂ ಇಲ್ಲ ದಾರಿ! ಆ ಕೆಂಪು ಬಂಡೆಯ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಇದು ಬರಿಯ ಹೊಗಳಿಕೆಯೆಂದು ತೋರುವುದಿಲ್ಲ.

ಆದರೂ ನೂರು ವರ್ಷ ತುಂಬುವ ಮೊದಲೇ, ಕ್ರಿ.ಶ. 642ರಲ್ಲಿ, ಪಲ್ಲವ ನರಸಿಂಹವರ್ಮನು ವಾತಾಪಿಯನ್ನು ಗೆದ್ದು, ಅಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದನು. ಚೆನ್ನೈಯಲ್ಲಿರುವ ನಮ್ಮ ಬಂಧುಗಳು ನೆಂಟರಿಷ್ಟರನ್ನು ಕರೆದೊಯ್ದು ತೋರಿಸುವ ಮಾಮಲ್ಲಪುರಕ್ಕೆ ಹೆಸರು ಬಂದುದು ಈತನ ಬಿರುದಿನಿಂದಲೇ. ಚಾಲುಕ್ಯರು ಊರನ್ನು ಮರಳಿ ಪಡೆದುದು 655ರ ಸುಮಾರಿಗೆ.

ಚಿತ್ರದುರ್ಗದ ಕಥೆಯೂ ಇಂಥದೇ. ಅಲ್ಲಿ ನಾಯಕರು ಬಂಡೆಗಳನ್ನೇ ಗೋಡೆಯಾಗಿಸಿ, ಸಂದುಗಳನ್ನಷ್ಟೇ ಕಲ್ಲು ಕಟ್ಟಿ ಮುಚ್ಚಿದಂತೆ ಹಲವೆಡೆ ಕಾಣುತ್ತದೆ. ನಮ್ಮನ್ನು ಕೇಳಿದರೆ, ಗೋಡೆಗಿಂತ ಹೆಚ್ಚಿನ ಜಾಣತನ ಮಳೆನೀರು ಹಿಡಿಯುವ ಅಕ್ಕ-ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳಲ್ಲಿದೆ. ಎಷ್ಟೇ ಕಡಿದಾದ ಬಂಡೆಯಾದರೂ ನೀರಿಲ್ಲದೆ ಅದರ ಮೇಲೆ ಎಷ್ಟು ದಿನ ಕೂತಾರು? ಇಷ್ಟಿದ್ದರೂ 1779ರಲ್ಲಿ ಅದು ಹೈದರಾಲಿಯ ವಶವಾಯಿತು.

ಆ ಸೀಮೆಯವರು ಇಂದಿಗೂ ಚಿತ್ರದುರ್ಗವೆಂದು ಪೂರ್ತಿ ಹೇಳುವುದು ಕಡಮೆ. "ದುರ್ಗಕ್ಕೆ ಹೋಗಿ ಸಂಜೆಯೊಳಗೆ ಬಂದುಬಿಡ್ತೀನಿ" ಎಂದು ಬಸ್ಸು ಹತ್ತುತ್ತಾರೆ.