ಹ್ಯಾರಿಯಟ್ ಕಂಡ ಚಂದ್ರ, ಗೆಲಿಲಿಯೊ ಬರೆದ ಚಂದ್ರ

ದೂರದರ್ಶಕದಲ್ಲಿ ನೋಡಿ ಚಂದ್ರನ ಚಿತ್ರ ಬರೆದವರಲ್ಲಿ ಗೆಲಿಲಿಯೊನೇ ಮೊದಲಿಗ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಅವನಿಗಿಂತ ಕೆಲವು ತಿಂಗಳು ಮೊದಲೇ, 1609ರ ಬೇಸಿಗೆಯಲ್ಲಿ, ಲಂಡನ್ ಹತ್ತಿರದ ಸಯಾನ್ ಹೌಸ್‌ನಲ್ಲಿ ಥಾಮಸ್ ಹ್ಯಾರಿಯಟ್ ಎಂಬ ಗಣಿತಜ್ಞ ಆರು ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆ ಹಿಡಿದು ಚಂದ್ರನನ್ನು ನೋಡಿ ಬರೆದಿಟ್ಟಿದ್ದ.

ಆ ಚಿತ್ರ ನೋಡಿದರೆ ಇಷ್ಟೇನಾ ಅನ್ನಿಸುತ್ತೆ. ಬೆಳಕು-ಕತ್ತಲೆ ಸೇರುವ ಕಡೆ ಒಂದು ಅಂಕುಡೊಂಕು ಗೆರೆ, ಒಳಗೆ ಗೀಚಿದ ಕೆಲವು ಕಲೆಗಳು. ಬೆಟ್ಟವಿಲ್ಲ, ಕುಳಿಯಿಲ್ಲ. ಹ್ಯಾರಿಯಟ್ ದಡ್ಡನೇನಲ್ಲ, ಆ ಕಾಲದ ದೊಡ್ಡ ಬೀಜಗಣಿತಜ್ಞ. ನಮ್ಮವರು ಆ ಕಲೆಯಲ್ಲಿ ಮೊಲ ಕಂಡು ಶಶಾಂಕ ಅಂದರು; ಯುರೋಪಿನ ವಿದ್ವಾಂಸರಿಗೋ ಅರಿಸ್ಟಾಟಲ್ ಕಾಲದಿಂದಲೂ ಚಂದ್ರ ಅಂದರೆ ನುಣುಪಾದ ಗೋಳ.

ಗೆಲಿಲಿಯೊ ಕೊಳವೆ ಇಪ್ಪತ್ತು ಪಟ್ಟಿನದು, ಅದನ್ನು ಮರೆಯಬಾರದು. ಆದರೆ ಅವನ ಹತ್ತಿರ ಇನ್ನೊಂದು ಉಪಕರಣವೂ ಇತ್ತು: ಚಿತ್ರ ಬರೆಯೋ ಕೈ. ಹುಡುಗನಾಗಿದ್ದಾಗ ಚಿತ್ರಕಾರನಾಗೋ ಆಸೆಯಿತ್ತಂತೆ, ಶಿಷ್ಯ ವಿವಿಯಾನಿ ಬರೆದಿದ್ದಾನೆ. ಉಬ್ಬು-ತಗ್ಗುಗಳ ನೆರಳು ಹೇಗೆ ಬೀಳುತ್ತೆ ಅನ್ನೋದು ಫ್ಲಾರೆನ್ಸಿನ ಕಲಾವಿದರಿಗೆ ಪಾಠ. ಅವನು ಕಂದು ಶಾಯಿಯನ್ನು ನೀರಲ್ಲಿ ತೆಳುಮಾಡಿ ಕುಂಚದಿಂದ ಬರೆಯುತ್ತಾ ಹೋದ. ಪ್ರತಿ ಕಲೆಯಲ್ಲೂ ಸೂರ್ಯನ ಕಡೆಯ ಅಂಚು ಕಪ್ಪು, ಎದುರಿನ ಅಂಚು ಬಿಳಿ. ಕತ್ತಲೆ ಭಾಗದೊಳಗೆ ಒಂಟಿ ಬೆಳಕಿನ ಚುಕ್ಕೆಗಳು. ಎರಡು ಮೂರು ಗಂಟೆಯಲ್ಲಿ ಅವು ಬೆಳೆದು ಬೆಳಗಿದ ಭಾಗಕ್ಕೆ ಕೂಡಿಕೊಂಡವು. ಸೂರ್ಯೋದಯಕ್ಕೆ ಮೊದಲು ಬೆಟ್ಟದ ತುದಿಗೆ ಬಿಸಿಲು ಬೀಳೋದನ್ನು ನೋಡಿದವರಿಗೆ ಇದು ಏನು ಅಂತ ಹೇಳಬೇಕಾಗಿಲ್ಲ!

ಇಲ್ಲಿ ಚಿತ್ರ ಅನ್ನೋದು ತಿಳಿದದ್ದನ್ನು ಆಮೇಲೆ ಅಲಂಕರಿಸಿದ್ದಲ್ಲ. ಚುಕ್ಕೆ ಗಡಿಗೆರೆಯಿಂದ ಚಂದ್ರನ ವ್ಯಾಸದ ಇಪ್ಪತ್ತನೇ ಒಂದು ಭಾಗದಷ್ಟು ದೂರವಿದೆ ಅಂತ ಅಂದಾಜು ಮಾಡಿ, ಪೈಥಾಗೊರಸನ ಪ್ರಮೇಯ ಹಾಕಿ, ಬೆಟ್ಟ 4 ಮೈಲಿಗಿಂತ ಎತ್ತರ ಅಂತ ಲೆಕ್ಕ ತೆಗೆದ. 1610ರ ಮಾರ್ಚ್‌ನಲ್ಲಿ ವೆನಿಸ್ಸಿನಲ್ಲಿ ಅಚ್ಚಾದ 'ಸಿಡೇರಿಯಸ್ ನುನ್ಸಿಯಸ್'ನಲ್ಲಿ ಇದೆಲ್ಲ ಇದೆ. ಆ ಪುಸ್ತಕದ ಚಿತ್ರದಲ್ಲಿ ಒಂದು ಕುಳಿ ಇರಬೇಕಾದ್ದಕ್ಕಿಂತ ತುಂಬಾ ದೊಡ್ಡದು. ಓದುಗರಿಗೆ ನೆರಳು ಎದ್ದು ಕಾಣಲಿ ಅಂತ ಬೇಕೆಂದೇ ಹಿಗ್ಗಿಸಿದ್ದಾನೆ ಅಂತ ನನ್ನ ಗುಮಾನಿ.

1610ರ ಜುಲೈನಲ್ಲಿ ಹ್ಯಾರಿಯಟ್ ಮತ್ತೆ ಬರೆದ. ಅಷ್ಟರಲ್ಲಿ ಗೆಲಿಲಿಯೊ ಪುಸ್ತಕ ನೋಡಿದ್ದ, ಕೊಳವೆಯೂ ಸುಧಾರಿಸಿತ್ತು. ಈ ಸಲ ಕುಳಿಗಳು ಬಂದವು.

ಗೆಲಿಲಿಯೊನ ಗೆಳೆಯ, ಚಿತ್ರಕಾರ ಚಿಗೋಲಿ 1612ರಲ್ಲಿ ರೋಮ್‌ನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಗುಮ್ಮಟದಲ್ಲಿ ಮೇರಿಮಾತೆಯನ್ನು ಬರೆದ. ಅವಳ ಕಾಲಡಿಯ ಚಂದ್ರನ ತುಂಬಾ ಗುಳಿಗಳು. ಈಗಲೂ ಅಲ್ಲೇ ಇವೆ.