ಸುಣ್ಣದ ಗೋಡೆಯೂ ಹದಿನೈದು ದಿನಗಳ ರಜೆಯೂ

ಹಳೆಯ ಮನೆಯ ಪಡಸಾಲೆ, ನಡುಮನೆಗಳನ್ನು ಸ್ವತಃ ನವೀಕರಿಸ ಹೊರಡುವವರು ಮೊದಲು ಗೋಡೆಯ ಚರಿತ್ರೆಯನ್ನು ಅರಿಯಬೇಕು.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಪೋರಬಂದರಿನ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾದದ್ದು 1914ರಲ್ಲಿ. ಅದಕ್ಕೂ ಹಿಂದಿನ ನಮ್ಮ ಬಹುಪಾಲು ಮನೆಗಳು ನಿಂತಿರುವುದು ಮಣ್ಣು ಅಥವಾ ಸುಣ್ಣದ ಗಾರೆಯ ಆಧಾರದಲ್ಲಿ. ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯ ತೇವ ಆರಿಹೋಗುತ್ತದೆ. ಮೇಲೆ ಗಡುಸಾದ ಸಿಮೆಂಟ್ ಗಿಲಾವು ಮಾಡಿದರೆ ಆ ದಾರಿ ಮುಚ್ಚುತ್ತದೆ; ಒಳಗುಳಿದ ತೇವದಲ್ಲಿನ ಲವಣ ಹರಳುಗಟ್ಟಿ ಇಟ್ಟಿಗೆ ಉದುರತೊಡಗುತ್ತದೆ.

ಮುಂಬಯಿ, ದೆಹಲಿಗಳಿಂದ ಹದಿನೈದು ದಿನಗಳ ರಜೆಯಲ್ಲಿ ಊರಿಗೆ ಹೋಗಿ ಹಿರಿಯರ ಮನೆಯನ್ನು ದುರಸ್ತಿಗೊಳಿಸುವ ನಮಗೆ ಬೇಗ ಬಿಗಿಯುವ ಸಿಮೆಂಟೇ ಅನುಕೂಲ. ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವ ಸುಣ್ಣಕ್ಕೋ ವಾರಗಳು, ತಿಂಗಳುಗಳು ಬೇಕು. ಆದರೂ ಆ ಗೋಡೆಗೆ ಒಗ್ಗುವುದು ಸುಣ್ಣವೇ. ರಜೆಯ ಅಳತೆಗೆ ಮನೆಯನ್ನು ಒಗ್ಗಿಸಹೋದರೆ, ಉಳಿಸಬಂದವರೇ ಅದನ್ನು ಕೆಡವಿದಂತಾಗುತ್ತದೆ.